ಹಗೇವು ಮತ್ತು ವಿಮೆ



ಕನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತನಾದವನೊಬ್ಬ ವಿಮೆಯ ವಿಷಯವಾಗಿ ಮಾತನಾಡಲು ಕುಳಿತಿರುವುದು ನಿಮಗೆ ಸೋಜಿಗವೆನಿಸಬಹುದು. ಮೊದಲು ನನಗೂ ಹಾಗೆಯೇ ಅನಿಸಿತು. ಆದರೆ ಕೆಲವು ವರ್ಷಗಳ ಹಿಂದೆ ಗಿಲ್ಲೆಸುಗೂರಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನ ಮನಸ್ಸನ್ನು ಈ ಕಡೆಗೆ ತಿರುಗಿಸಿತು. ಅದನ್ನು ಹೇಳಿಯೇ ಮುಂದುವರಿಯುತ್ತೇನೆ.

ಒಂದು ಸಂಜೆ ನೆರೆಮನೆಯ ರೈತರೊಬ್ಬರು ಮಡಚಿದ ಕಾಗದವೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಅವರದು ನಾಲ್ಕು ಎಕರೆ ತೊಗರಿಯ ಹೊಲ. ವಿಮೆಗೆ ಹಣ ಕಟ್ಟಿದ್ದರು. ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟು ಬೆಳೆ ಒಣಗಿತ್ತು, ಪರಿಹಾರ ಬಂದಿರಲಿಲ್ಲ. "ಸರ, ಇದರಾಗ ಏನ್ ಬರದಾರ, ಒಂದೀಟು ಓದಿ ಹೇಳ್ರಿ" ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಮೂವತ್ತು ವರ್ಷ ಹಳಗನ್ನಡದ ಬಿಗಿಯಾದ ಪದ್ಯಗಳನ್ನು ಬಿಡಿಸಿ ವಿದ್ಯಾರ್ಥಿಗಳಿಗೆ ಅನ್ವಯ ಹೇಳಿಕೊಟ್ಟವನು ನಾನು. ಆ ಎರಡು ಪುಟಗಳ ಅನ್ವಯ ನನಗೆ ಕೂಡಿಬರಲಿಲ್ಲ. ಮೂರು ಬಾರಿ ಓದಿದ ಮೇಲೆ ಇಷ್ಟು ತಿಳಿಯಿತು: ಪರಿಹಾರವನ್ನು ಗೊತ್ತುಮಾಡುವುದು ಅವರ ಹೊಲದ ಬೆಳೆಯಲ್ಲ, ಇಡೀ ವಿಮಾ ಘಟಕದ ಸರಾಸರಿ ಇಳುವರಿ, ಆ ಸರಾಸರಿ ನಿಗದಿಯಾದ ಮಟ್ಟಕ್ಕಿಂತ ಕೆಳಗಿಳಿದಿಲ್ಲವಾದ್ದರಿಂದ ಹಣವಿಲ್ಲ. ಇದನ್ನು ನಾನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಾಸರಿ ಅಂದ್ರ ಯಾರ ಹೊಲ, ಸರ?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಕಂಡುಕೊಂಡ ಕೆಲವು ಸಂಗತಿಗಳನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಶಬ್ದವನ್ನೇ ನೋಡೋಣ. ಅದು ನನ್ನ ಹಳೆಯ ಚಟ. ನಾವು ವಿಮೆ ಎನ್ನುತ್ತೇವೆ, ಉರ್ದು ಬಲ್ಲ ನಮ್ಮ ಹಿರಿಯರು ಬೀಮಾ ಎನ್ನುತ್ತಿದ್ದರು. ಎರಡರ ಮೂಲವೂ ಪಾರಸಿ ಭಾಷೆಯ ಬೀಮ್ ಎಂಬ ಮಾತು. ಬೀಮ್ ಎಂದರೆ ಭಯ. ಭಯವನ್ನು ಹಲವರು ಹಂಚಿಕೊಂಡಾಗ ಅದು ಒಬ್ಬೊಬ್ಬನ ಪಾಲಿಗೆ ಹೊರಬಲ್ಲಷ್ಟು ಹಗುರವಾಗುತ್ತದೆ ಎಂಬುದೇ ವಿಮೆಯ ತತ್ತ್ವ. ಈ ಭಯ ನಮ್ಮ ಸೀಮೆಗೆ ಹೊಸದಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಮಹಾನದಿಗಳ ನಡುವಿನ ದೋ ಆಬ್ ನಮ್ಮದು. ಆದರೂ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಆಕಾಶ ಬರ ತರುತ್ತದೆ, ನದಿ ನೆರೆ ತರುತ್ತದೆ. ಮಲೆನಾಡಿನಲ್ಲೋ ಮಹಾರಾಷ್ಟ್ರದ ಘಟ್ಟಗಳಲ್ಲೋ ಸುರಿದ ಮಳೆ, ಇಲ್ಲಿ ಒಂದು ಹನಿಯೂ ಬೀಳದಿದ್ದಾಗಲೇ ನಮ್ಮ ಹೊಲಕ್ಕೆ ನುಗ್ಗುವುದುಂಟು. ನಾರಾಯಣಪುರದ ಜಲಾಶಯದಿಂದ ನೀರು ಬಿಟ್ಟರೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗುವುದನ್ನು ಆ ಕಡೆಯವರು ಎಷ್ಟು ಸಲ ಕಂಡಿಲ್ಲ?

1876ರಿಂದ 1878ರವರೆಗಿನ ಬರವನ್ನು ಕನ್ನಡಿಗರು ಆ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಇಂದಿಗೂ ನೆನೆಯುತ್ತಾರೆ. ಅದರ ತರುವಾಯ ಬ್ರಿಟಿಷ್ ಸರ್ಕಾರ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಗಳನ್ನು ಬರಗಾಲದ ವಿಮೆಯೆಂಬ ಹೆಸರಿನಲ್ಲಿ ತೆಗೆದಿರಿಸುವ ಏರ್ಪಾಡು ಮಾಡಿತು. ಹೆಸರೇನೊ ವಿಮೆ. ಆದರೆ ರೈತನ ಕೈಯಲ್ಲಿ ಪತ್ರವಿರಲಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಆ ಹಣ ಅಫಘಾನ್ ಯುದ್ಧದ ವೆಚ್ಚಕ್ಕೆ ತಿರುಗಿತೆಂಬ ಟೀಕೆ ಆ ಕಾಲದಲ್ಲಿಯೇ ಎದ್ದಿತ್ತು. ಹಕ್ಕಿಲ್ಲದ ವಿಮೆ ದಾನವಾಗುತ್ತದೆ. ದಾನ ಕೊಡುವವನ ಮರ್ಜಿಯನ್ನು ಅವಲಂಬಿಸಿರುತ್ತದೆ.

ಹಾಗಾದರೆ ನಮ್ಮ ಹಿರಿಯರು ಕೈಕಟ್ಟಿ ಕುಳಿತಿದ್ದರೆ? ಇಲ್ಲ. ಅವರಿಗೆ ಅವರದೇ ವಿಮೆಯಿತ್ತು. ಒಂದೇ ಹೊಲದಲ್ಲಿ ಜೋಳದೊಡನೆ ತೊಗರಿಯ ಸಾಲು ಹಾಕಿದರೆ ಒಂದು ಹೋದರೂ ಇನ್ನೊಂದು ಉಳಿಯುತ್ತಿತ್ತು. ಕಷ್ಟ ಬಂದವನ ಹೊಲಕ್ಕೆ ಮುಯ್ಯಿ ಆಳುಗಳು ಹೋಗುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಹಗೇವು ಇತ್ತು. ಇಂದಿನ ತರುಣರಿಗೆ ಈ ಮಾತು ತಿಳಿಯದಿರಬಹುದು. ಮನೆಯ ಅಂಗಳದಲ್ಲಿಯೋ ಊರ ನಡುವಿನ ಎತ್ತರದ ಬಯಲಿನಲ್ಲಿಯೋ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಯ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳ್ಳೆಯ ವರ್ಷದ ಕಾಳು ಕೆಟ್ಟ ವರ್ಷಕ್ಕಾಗಿ ಅಲ್ಲಿ ಕಾಯುತ್ತಿತ್ತು. ತೆಗೆಯುವಾಗಲೂ ಎಚ್ಚರ ಬೇಕು: ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ಆರುವುದಿಲ್ಲವೆಂದು ಖಚಿತವಾದ ಮೇಲೆಯೇ ಮನುಷ್ಯನನ್ನು ಇಳಿಸುತ್ತಿದ್ದರು.

ಆದರೆ ಹಗೇವು ಬರವನ್ನು ತಡೆಯಬಲ್ಲುದೇ ಹೊರತು ನೆರೆಯನ್ನಲ್ಲ. ನೀರು ನುಗ್ಗಿದರೆ ಮೊದಲು ಕೆಡುವುದು ಅದೇ ಕಾಳು. ಒಂದು ಆಪತ್ತಿಗೆ ಕಟ್ಟಿದ ರಕ್ಷಣೆ ಇನ್ನೊಂದು ಆಪತ್ತಿಗೆ ತುತ್ತಾಗುತ್ತದೆ. ಈ ಮಾತು ನನಗೆ ಮನದಟ್ಟಾದದ್ದು 2009ರಲ್ಲಿ.

ಆ ವರ್ಷ ಸೆಪ್ಟೆಂಬರ್ ಕೊನೆಯವರೆಗೂ ನಾವು ಮಳೆಗಾಗಿ ಬಾಯಿ ಬಿಡುತ್ತಿದ್ದೆವು. ತಿಂಗಳು ಮುಗಿಯುವ ಹೊತ್ತಿಗೆ ಶುರುವಾದ ಮಳೆ ಅಕ್ಟೋಬರ್ 2ರ ವೇಳೆಗೆ ಪ್ರಳಯದಂತಾಯಿತು. ಮಂತ್ರಾಲಯದ ಮಠಕ್ಕೆ ತುಂಗಭದ್ರೆ ನುಗ್ಗಿತು. ಕೆಳಗೆ ಕರ್ನೂಲು ಪಟ್ಟಣವೇ ಮುಳುಗಿತು. ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅನೇಕರು ನದಿಯಲ್ಲಿ ಕೊಚ್ಚಿಹೋದವರಲ್ಲ, ನೆನೆದ ಮಣ್ಣಿನ ಗೋಡೆಗಳ ಕೆಳಗೆ ಸಿಕ್ಕವರು.

ನನ್ನ ಸೋದರತ್ತೆ ಆಗ ತುಂಗಭದ್ರೆಯ ದಂಡೆಯ ಹಳ್ಳಿಯೊಂದರಲ್ಲಿದ್ದರು. ಮಣ್ಣಿನ ಮಾಳಿಗೆಯ ಮನೆ. ಬೀದಿಯ ಕಡೆಯ ಪಡಸಾಲೆಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ವಿಧವೆಯಾದ ಮೇಲೆ ಆ ಅಂಗಡಿಯಿಂದಲೇ ಇಬ್ಬರು ಮಕ್ಕಳನ್ನು ಓದಿಸಿದವರು. ನೀರು ಇಳಿದ ಮೇಲೆ ನಾನು ಹೋದಾಗ ಮಾಳಿಗೆ ಕುಸಿದಿತ್ತು. ಜೋಳ, ಬೆಲ್ಲ, ಸಕ್ಕರೆ, ಬೇಳೆ ಎಲ್ಲವೂ ಕೆಸರಿನಲ್ಲಿ ಒಂದಾಗಿತ್ತು. ಪಂಚನಾಮೆಗೆ ಬಂದವರು ಮನೆಯ ಅಳತೆ ಬರೆದುಕೊಂಡರು, ಗೋಡೆ ಎಷ್ಟು ಬಿದ್ದಿದೆಯೆಂದು ಕೇಳಿದರು. ಅಂಗಡಿಯ ಸರಕಿನ ಬಗ್ಗೆ ಕೇಳುವ ಕಲಮು ಅವರ ನಮೂನೆಯಲ್ಲಿ ಇರಲಿಲ್ಲ. ಅದು ಅವರ ತಪ್ಪೂ ಅಲ್ಲ. ಅವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿ, "ಮನಿ ಕಟ್ಟಿಸಿಕೊಡ್ತಾರಂತ. ಉದ್ರಿ ಪುಸ್ತಕ ಯಾರ್ ಕಟ್ಟಿಸಿಕೊಡ್ತಾರ, ಯಪ್ಪಾ?" ಎಂದರು.

ಉದ್ರಿ ಪುಸ್ತಕ ಎಂದರೆ ಸಾಲದ ಲೆಕ್ಕದ ಪುಸ್ತಕ. ಊರಿನ ಅರ್ಧ ಮನೆಗಳು ಸುಗ್ಗಿಯವರೆಗೆ ಅವರಲ್ಲಿ ಉದ್ರಿ ಒಯ್ಯುತ್ತಿದ್ದವು. ಆ ಪುಸ್ತಕ ನೀರುಪಾಲಾಗಿತ್ತು. ಕೊಡಬೇಕಾದವರ ಬೆಳೆಯೂ ನೀರುಪಾಲಾಗಿತ್ತು. ಅಂಗಡಿಯನ್ನು ಮತ್ತೆ ತೆರೆಯಲು ಅತ್ತೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಸಾಲ ತಂದರು. ನೆರೆ ನಾಲ್ಕು ದಿನಗಳಲ್ಲಿ ಇಳಿಯಿತು. ಆ ಸಾಲ ಇಳಿಯಲು ಆರು ವರ್ಷ ಹಿಡಿಯಿತು.

ಕೇಳುಗರೆ, ಬೆಳೆಗೆ ಬೀಳುವ ಹೊಡೆತವನ್ನು ನಾವು ಕಾಣುತ್ತೇವೆ, ಅದಕ್ಕಾಗಿ ಯೋಜನೆಗಳಿವೆ. ಆದರೆ ಮನೆಗೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ, ಹೊಲಿಗೆ ಯಂತ್ರಕ್ಕೆ, ಚಹಾದ ಬಂಡಿಗೆ ಬೀಳುವ ಹೊಡೆತ ನಮ್ಮ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ಮನೆ ಬೇರೆ, ಅಂಗಡಿ ಬೇರೆ, ಹೊಲ ಬೇರೆಯಲ್ಲ. ಮೂರೂ ಒಂದೇ ಮಾಳಿಗೆಯ ಕೆಳಗಿವೆ, ಒಟ್ಟಿಗೇ ಬೀಳುತ್ತವೆ.

ಈಗ ವಿಮೆಯ ಇತಿಹಾಸಕ್ಕೆ ಬರುತ್ತೇನೆ. ಮಳೆಯನ್ನೇ ಅಳತೆಗೋಲಾಗಿಟ್ಟು ರೈತನಿಗೆ ವಿಮೆ ಕೊಡಬಹುದೆಂಬ ಯೋಚನೆ ಪರದೇಶದಿಂದ ಬಂದ ಹೊಸ ವಿದ್ಯೆಯೆಂದು ಹಲವರು ತಿಳಿದಿದ್ದಾರೆ. ಅದು ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿ. ಹಳೆಯ ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಚಕ್ರವರ್ತಿಯವರು 1915ರಿಂದ ಈ ವಿಷಯವಾಗಿ ಬರೆಯತೊಡಗಿ, 1920ರಲ್ಲಿ ಭಾರತದ ಪರಿಸ್ಥಿತಿಗೆ ತಕ್ಕ ಕೃಷಿ ವಿಮೆಯ ಯೋಜನೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ಅವರ ತರ್ಕ ಸರಳ. ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಅದರ ಖರ್ಚೇ ವಿಮೆಯನ್ನು ನುಂಗುತ್ತದೆ. ಮಳೆಯ ಲೆಕ್ಕವಾದರೊ ಎಲ್ಲರ ಕಣ್ಣಿಗೂ ಕಾಣುವಂಥದು. ಇಷ್ಟು ಮಳೆ ಕಡಿಮೆಯಾದರೆ ಇಷ್ಟು ಹಣವೆಂದು ಮೊದಲೇ ಗೊತ್ತುಪಡಿಸಿದರೆ ಜಗಳವಿಲ್ಲ. ಯೋಜನೆ ಅಂದು ಕಾರ್ಯರೂಪಕ್ಕೆ ಬರಲಿಲ್ಲ. ಎಂಬತ್ತು ವರ್ಷಗಳಿಗೂ ಮಿಕ್ಕಿ ಕಾಲ ಕಳೆದ ಮೇಲೆ, 2003ರಲ್ಲಿ, ಕೃಷ್ಣೆಯ ಆಚೆಯ ಮಹಬೂಬ್‌ನಗರ ಜಿಲ್ಲೆಯಲ್ಲಿ ಶೇಂಗಾ ಮತ್ತು ಔಡಲ ಬೆಳೆಯುವ ಕೆಲವು ನೂರು ರೈತರಿಗೆ ಮಳೆ ವಿಮೆ ಮಾರಲಾಯಿತು. 2007ರ ಮುಂಗಾರಿನಲ್ಲಿ ಕರ್ನಾಟಕದಲ್ಲಿಯೇ ಹವಾಮಾನ ಆಧಾರಿತ ಬೆಳೆ ವಿಮೆಯ ಪ್ರಯೋಗ ನಡೆಯಿತು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ಇದರಲ್ಲಿ ರೈತ ಕಟ್ಟುವ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ಹತ್ತಿಯಂಥ ವಾಣಿಜ್ಯ ಬೆಳೆಗೆ 5. ಮಿಕ್ಕಿದ್ದನ್ನು ಸರ್ಕಾರಗಳು ತುಂಬುತ್ತವೆ. ಆದರೆ ಪರಿಹಾರವನ್ನು ಮುಖ್ಯವಾಗಿ ನಿರ್ಧರಿಸುವುದು ಬೆಳೆ ಕಟಾವು ಪ್ರಯೋಗದಿಂದ ಬರುವ ಘಟಕದ ಸರಾಸರಿ ಇಳುವರಿ. ನನ್ನ ನೆರೆಯವರ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ಮಳೆಯ ಅಳತೆಗೂ ಇದೇ ತೊಡಕು. ಮೋಡಕ್ಕೆ ಹೋಬಳಿಯ ಗಡಿ ಗೊತ್ತಿಲ್ಲ. ಗಿಲ್ಲೆಸುಗೂರು ಹೋಬಳಿ ಕೇಂದ್ರ. ಇಲ್ಲಿ ಹದವಾದ ಮಳೆ ಬಿದ್ದ ದಿನ ನಾಲ್ಕು ಹರದಾರಿ ದೂರದ ಹೊಲದಲ್ಲಿ ಧೂಳು ಏಳುತ್ತಿರುವುದನ್ನು ನಾನೇ ಕಂಡಿದ್ದೇನೆ. ಅಳೆಯುವ ಸ್ಥಳಕ್ಕೂ ನಷ್ಟವಾದ ಸ್ಥಳಕ್ಕೂ ನಡುವೆ ಎಷ್ಟು ಅಂತರವೋ, ವಿಮೆಗೂ ವಿಶ್ವಾಸಕ್ಕೂ ಅಷ್ಟೇ ಅಂತರ. ಈ ಅಂತರ ಈಗ ಕಿರಿದಾಗುತ್ತಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾವಾಗಿಯೇ ವರದಿ ಕಳಿಸುವ ಮಳೆಮಾಪಕಗಳನ್ನು ಇರಿಸಿದೆ. ಹೀಗೆ ಪಂಚಾಯಿತಿಗೊಂದು ಅಳತೆ ಇರುವ ನಾಡಿನಲ್ಲಿ ಚಕ್ರವರ್ತಿಯವರ ಯೋಚನೆಯನ್ನು ಹೊಲದಿಂದ ಮನೆಯವರೆಗೆ, ಅಂಗಡಿಯವರೆಗೆ ತರಲು ಸಾಧ್ಯವಿದೆ.

ಹಾಗೆಂದು ಮನೆಗೂ ಅಂಗಡಿಗೂ ಇಂದು ವಿಮೆಯೇ ಇಲ್ಲವೆಂದಲ್ಲ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯ ಪತ್ರಗಳನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿತು. ಮನೆಗೆ ಭಾರತ್ ಗೃಹ ರಕ್ಷಾ. 5 ಕೋಟಿ ರೂಪಾಯಿಯವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ನೆರೆ, ಬಿರುಗಾಳಿ, ಸಿಡಿಲು ಇವೆಲ್ಲ ಅದರ ರಕ್ಷಣೆಯಲ್ಲಿ ಸೇರಿವೆ. ಮನೆಯ ಪತ್ರದಲ್ಲಿ ಕಟ್ಟಡದ ವಿಮಾ ಮೊತ್ತದ ನೂರಕ್ಕೆ 20ರಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಯ ಸಾಮಾನಿಗೂ ರಕ್ಷಣೆ ತಾನಾಗಿಯೇ ದೊರೆಯುತ್ತದೆ. ಒಳ್ಳೆಯ ಪತ್ರಗಳು. ಆದರೆ ಮಾನ್ವಿಯ ಬಜಾರಿನಲ್ಲಿ, ದೇವದುರ್ಗದ ಸಂತೆಯಲ್ಲಿ ನಿಂತು ಹತ್ತು ಮಂದಿ ಅಂಗಡಿಕಾರರನ್ನು ಕೇಳಿ ನೋಡಿ. ಇವುಗಳ ಹೆಸರು ಕೇಳಿದವರು ಎಷ್ಟು ಜನ ಸಿಕ್ಕಾರು? ನಮ್ಮ ಮಣ್ಣಿನ ಮಾಳಿಗೆಯನ್ನು, ದಾಖಲೆಯಿಲ್ಲದ ಮನೆಯನ್ನು, ರಸೀದಿಯಿಲ್ಲದ ಸರಕನ್ನು ಒಪ್ಪುತ್ತೀರಾ ಎಂಬ ಪ್ರಶ್ನೆಯನ್ನು ಸಹಿ ಹಾಕುವ ಮೊದಲೇ ಕೇಳಬೇಕು. ನೆರೆ ಬಂದ ಮೇಲೆ ಕೇಳಿ ಫಲವಿಲ್ಲ.

ಸರ್ಕಾರವೇ ಕೊಡುತ್ತದಲ್ಲ, ವಿಮೆ ಏಕೆ ಎನ್ನುವವರೂ ಇದ್ದಾರೆ. ಸರ್ಕಾರ ಕೊಡುವುದು ನಿಜ, ಕೊಡಲೇಬೇಕು. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಂತೆ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1 ಲಕ್ಷ 20 ಸಾವಿರ ರೂಪಾಯಿ, ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಅದೂ 2 ಹೆಕ್ಟೇರಿಗೆ ಮಾತ್ರ. ರಾಜ್ಯ ಸರ್ಕಾರಗಳು ಕೆಲವೊಮ್ಮೆ ಇದಕ್ಕಿಂತ ಹೆಚ್ಚು ಕೊಟ್ಟಿವೆ. ಆದರೆ ಅದು ನೆರವು, ಕರಾರಲ್ಲ. ಎಷ್ಟು, ಯಾವಾಗ ಎಂಬುದು ಮೊದಲೇ ತಿಳಿದಿರುವುದಿಲ್ಲ. ಬಡವನಿಗೆ ಹಣದ ಮೊತ್ತದಷ್ಟೇ ಹಣದ ಹೊತ್ತೂ ಮುಖ್ಯ. ಸಾಲಗಾರನ ಬಾಗಿಲಿಗೆ ಹೋಗುವ ಮುಂಚೆ ಬಂದ ಐದು ಸಾವಿರ, ಹೋಗಿ ಬಂದ ಮೇಲೆ ದೊರೆತ ಐವತ್ತು ಸಾವಿರಕ್ಕಿಂತ ದೊಡ್ಡದು.

ಹಾಗೆ ಹೊತ್ತಿಗೆ ಬರುವ ಹಣಕ್ಕೆ ಒಂದು ಉದಾಹರಣೆ ಇದೆ. ಇಳಾ ಭಟ್ಟರು 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಸೇವಾ ಸಂಘಟನೆಯ ದುಡಿಯುವ ಹೆಣ್ಣುಮಕ್ಕಳಿಗೆ ಬಿಸಿಲಿನ ವಿಮೆಯನ್ನು ಏರ್ಪಡಿಸಲಾಯಿತು. 2024ರ ಬೇಸಗೆಯಲ್ಲಿ ತಾಪಮಾನ ಗೊತ್ತುಪಡಿಸಿದ ಮಿತಿ ದಾಟಿದಾಗ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರಗಳ ಸುಮಾರು 50,000 ಮಹಿಳೆಯರಿಗೆ ತಲಾ 400 ರೂಪಾಯಿ ತಲುಪಿತು. ಪಂಚನಾಮೆಯಿಲ್ಲ, ಅರ್ಜಿಯಿಲ್ಲ, ಉಷ್ಣಮಾಪಕವೇ ಸಾಕ್ಷಿ. ಮೊತ್ತ ಚಿಕ್ಕದೆಂದು ನಗಬಹುದು. ಆದರೆ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ತಲೆಯ ಮೇಲೆ ತರಕಾರಿ ಹೊತ್ತು ಮಾರುವ ಹೆಣ್ಣುಮಗಳಿಗೆ ಒಂದೆರಡು ದಿನ ನೆರಳಿನಲ್ಲಿರಲು ಅದು ಸಾಕು.

ಇದರ ಮಿತಿಯನ್ನೂ ಹೇಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಲೆಕ್ಕ ಸರಳವಾಗಿದೆ. ಐವತ್ತು ವರ್ಷಕ್ಕೊಮ್ಮೆ ಬೀಳುವ ಒಂದು ಲಕ್ಷ ರೂಪಾಯಿಯ ಮನೆಗೆ, ಕಂಪನಿಯ ಖರ್ಚು ಬಿಟ್ಟು, ವರ್ಷಕ್ಕೆ 2,000 ರೂಪಾಯಿ ಕಂತು ಬೇಕು. ಅದೇ ಮನೆ ಐದು ವರ್ಷಕ್ಕೊಮ್ಮೆ ಬೀಳುವುದಾದರೆ ವರ್ಷಕ್ಕೆ 20,000 ಬೇಕು. ಅದನ್ನು ಯಾರು ಕಟ್ಟಿಯಾರು? ಪದೇಪದೇ ಮುಳುಗುವ ದಂಡೆಯ ಮನೆಗೆ ಬೇಕಾದದ್ದು ವಿಮೆಯಲ್ಲ, ಎತ್ತರದಲ್ಲೊಂದು ನಿವೇಶನ. ಇನ್ನೊಂದು ಮಾತು: ಚಕ್ರವರ್ತಿಯವರು ಹಳೆಯ ಮಳೆಯ ದಾಖಲೆಗಳನ್ನು ನಂಬಿ ಕಂತು ಕಟ್ಟಿದರು. ಭೂಮಿಯ ವಾತಾವರಣ ಬಿಸಿಯೇರುತ್ತಿರುವ ಈ ಕಾಲದಲ್ಲಿ ಹಿಂದಿನ ಮಳೆ ಮುಂದಿನ ಮಳೆಗೆ ಪೂರ್ತಿ ಜಾಮೀನು ನಿಲ್ಲುವುದಿಲ್ಲ. ಆಪತ್ತು ಹೆಚ್ಚಿದಂತೆ ಕಂತು ಹೆಚ್ಚುತ್ತದೆ. ಹೆಚ್ಚಿದ ಭಾರವನ್ನು ಬಡವನ ಮೇಲೆ ಬಿಟ್ಟರೆ ಅವನು ವಿಮೆಯನ್ನೇ ಬಿಡುತ್ತಾನೆ. ಬೆಳೆಯ ಕಂತಿನಲ್ಲಿ ಸರ್ಕಾರ ಪಾಲು ಹೊರುವಂತೆ ಬಡವರ ಮನೆ, ಸಣ್ಣ ಅಂಗಡಿಗಳ ಕಂತಿನಲ್ಲಿಯೂ ಹೊರುವುದು ನ್ಯಾಯ.

ಆದ್ದರಿಂದ ನಮ್ಮ ಸೀಮೆಯ ವಿಮೆ ಹೀಗಿರಲಿ ಎಂದು ನನ್ನ ಬಿನ್ನಹ. ಸಣ್ಣ ನಷ್ಟಕ್ಕೆ ಸ್ತ್ರೀಶಕ್ತಿ ಸಂಘದ ಉಳಿತಾಯವೇ ಇರಲಿ. ಅಪರೂಪಕ್ಕೆ ಬಂದು ಸಂಸಾರವನ್ನು ಕೆಡಹುವ ನಷ್ಟಕ್ಕೆ ವಿಮೆ ಇರಲಿ. ಊರಿಗೆ ಊರೇ ಮುಳುಗುವ ಮಹಾ ಆಪತ್ತನ್ನು ಸರ್ಕಾರ ಹೊರಲಿ. ವಿಮೆಯ ಹಣದಲ್ಲಿ ಒಂದು ಭಾಗ, ಪಂಚಾಯಿತಿಯ ಮಳೆಮಾಪಕವೊ ನದಿಯ ಮಟ್ಟವೊ ಗೊತ್ತಾದ ಗೆರೆ ದಾಟಿದ ಕೂಡಲೇ, ಸಾಕ್ಷಿ ಕೇಳದೆ ಬರಲಿ. ಮಿಕ್ಕಿದ್ದು ಪರಿಶೀಲನೆಯ ಮೇಲೆ ಬರಲಿ. ಮನೆ, ಸರಕು, ಉಪಕರಣ ಮೂರಕ್ಕೂ ಒಂದೇ ಪತ್ರ ಸಾಕು. ಮಳೆಯ ಅಳತೆಯನ್ನು ದಿನವೂ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಕೊನೆಯದಾಗಿ, ಪತ್ರ ಕನ್ನಡದಲ್ಲಿರಲಿ; ಒಂದೇ ಪುಟದಲ್ಲಿರಲಿ; ಏಳನೆಯ ತರಗತಿ ಓದಿದ ಮಗಳು ತಂದೆಗೆ ಓದಿ ಹೇಳುವಂತಿರಲಿ. ಇದನ್ನು ಭಾಷಾಭಿಮಾನದಿಂದ ಹೇಳುತ್ತಿಲ್ಲ. ಅರ್ಥವಾಗದ ಕರಾರು ಕರಾರೇ ಅಲ್ಲ.

ನನ್ನ ಅತ್ತೆ ಈಗಿಲ್ಲ. ಅವರು ಬದುಕಿದ್ದಾಗ ಒಮ್ಮೆ ವಿಮೆಯೆಂದರೇನೆಂದು ವಿವರಿಸಿದ್ದೆ. ಗಮನವಿಟ್ಟು ಕೇಳಿ, "ಅಂದ್ರ ರೊಕ್ಕದ ಹಗೇವು ಅನ್ನು" ಎಂದರು. ಆಮೇಲೆ ಕೇಳಿದರು: "ಅದರ ಬಾಯಿ ಎಲ್ಲೈತಿ?"

ಹಗೇವಿನ ಬಾಯಿ ನಮ್ಮ ಅಂಗಳದಲ್ಲಿತ್ತು. ಎಷ್ಟು ಕಾಳು ಹಾಕಿದ್ದೇವೆ, ಯಾವಾಗ ತೆಗೆಯಬೇಕು, ಯಾರು ಇಳಿಯಬೇಕು ಎಂಬುದು ಮನೆಯವರಿಗೆಲ್ಲ ತಿಳಿದಿತ್ತು. ಇಂದಿನ ಹಗೇವಿನ ಬಾಯಿ ದೂರದ ನಗರದ ಕಚೇರಿಯಲ್ಲಿದೆ. ಅದು ಅಲ್ಲಿರುವುದು ಅನಿವಾರ್ಯವಿರಬಹುದು. ಹಲವು ಜಿಲ್ಲೆಗಳ ಕಾಳು ಒಂದೆಡೆ ಕೂಡಿದರೇ ಒಂದು ಜಿಲ್ಲೆಯ ಬರಕ್ಕೆ ಅದು ಸಾಲುವುದು. ಆದರೆ ಬಾಯಿ ಎಲ್ಲಿದೆ, ಯಾವ ಗುರುತಿಗೆ ತೆರೆಯುತ್ತದೆ, ಯಾರನ್ನು ಕೇಳಬೇಕು ಎಂಬುದು ಕಾಳು ಹಾಕಿದವನಿಗೆ ತಿಳಿದಿರಲೇಬೇಕು. ನನ್ನ ನೆರೆಯವರ ಪ್ರಶ್ನೆಗೂ ಅತ್ತೆಯ ಪ್ರಶ್ನೆಗೂ ಉತ್ತರ ಕೊಡಬಲ್ಲ ವಿಮೆಯನ್ನು ರೂಪಿಸುವವರೆಗೆ, ನಾವು ಕಟ್ಟುವ ಕಂತು ನಮ್ಮ ಭಯವನ್ನು ಹಗುರಮಾಡಲಾರದು.